ಎಲೆ ಮುಟ್ಟದವನು

ಸಂಜೆ ನಾಲ್ಕು ಗಂಟೆಗೆ ತನ್ನ ಮನೆಯ ಬಾಗಿಲನ್ನು ರಮ್ಯ ತಟ್ಟುತ್ತಾಳೆ ಎಂಬುದೊಂದೇ ಬೆಳಿಗ್ಗೆಯಿಂದ ವೇಣುಗೋಪಾಲನ ತಲೆಯಲ್ಲಿ ಕೂತಿತ್ತು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ನಂಗಲಿ ಬಸ್ಸು ಹತ್ತುವಾಗಲೂ ಕೂತಿತ್ತು, ಕಂಡಕ್ಟರು ಎರಡು ಸಲ ಕೂಗಿ ಟಿಕೆಟ್ ಕೊಟ್ಟಾಗಲೂ ಕೂತಿತ್ತು, ಕಿಟಕಿಯಾಚೆ ಟೊಮ್ಯಾಟೊ ಕ್ರೇಟು ಹೊತ್ತ ಟೆಂಪೋಗಳು ಹಿಂದೆ ಸರಿಯುವಾಗಲೂ ಅಲ್ಲಾಡದೆ ಕೂತಿತ್ತು. ಮನೆಮನೆಗೆ ಹೋಗಿ ಕೇಳುವುದು ರಮ್ಯಳ ಕೆಲಸ. ಅವನ ಕೆಲಸವೂ ಅದೇ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಜೂಜಿನಿಂದ ಮನೆಗಳಿಗೆ ಆಗುತ್ತಿರುವ ಹಾನಿಯ ಸಮೀಕ್ಷೆ ಮಾಡಿಸುತ್ತಿದ್ದರು. ಈ ತಾಲ್ಲೂಕಿಗೆ ಅವರಿಬ್ಬರು. ಕೈಯಲ್ಲೊಂದು ಟ್ಯಾಬ್, ಕೊರಳಲ್ಲೊಂದು ಗುರುತಿನ ಚೀಟಿ, ಒಂಬತ್ತು ಪ್ರಶ್ನೆ. ಯಾವ ಮನೆಗೆ ಹೋಗಬೇಕೆಂಬುದನ್ನು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಎತ್ತಿಕೊಡುತ್ತದೆ. ನಿನ್ನೆ ಅದು ಎತ್ತಿದ್ದು ಅವನ ಮನೆಯನ್ನೇ. ಸ್ವಂತ ಮನೆಯವರನ್ನು ತಾನೇ ಕೇಳುವ ಹಾಗಿಲ್ಲ ಎಂದು ನಿಯಮ. "ಅಯ್ಯೋ ಸಾರ್, ನಿಮ್ಮನೇನೇ ಬಂದೈತೆ! ನಾಳೆ ನಾಲ್ಕಕ್ಕೆ ನಾನೇ ಹೋಗ್ತೀನಿ, ಅಕ್ಕಂಗೆ ಕಾಫಿ ಮಾಡಿಡೋಕೆ ಹೇಳಿ" ಎಂದು ರಮ್ಯ ನಕ್ಕಿದ್ದಳು. ಅವನೂ ನಕ್ಕಿದ್ದ. ನಗು ಎಷ್ಟು ಹೊತ್ತು ಮುಖದ ಮೇಲಿದ್ದರೆ ಸರಿ ಎಂದು ಅಳೆದುಕೊಂಡು ನಕ್ಕಿದ್ದ.

ಹೆಂಡತಿ ವಾಣಿಶ್ರೀ ಏನು ಹೇಳುತ್ತಾಳೆ? ಹೇಳಿಬಿಟ್ಟರೆ ಗತಿಯೇನು ಎಂದು ಎದೆ ಒಂದು ಸಲ ಹೊಡೆದುಕೊಂಡರೆ, ಹೇಳದೆ ಹೋದರೆ ಗತಿಯೇನು ಎಂದು ಎರಡು ಸಲ ಹೊಡೆದುಕೊಳ್ಳುತ್ತಿತ್ತು. ಹೆಂಡತಿಯ ಬಾಯಿಂದ ತಾನು ಸಿಕ್ಕಿಬೀಳಲಿ ಎಂದು ಹರಕೆ ಹೊತ್ತ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬ ಇರಲಾರ. ಉತ್ತರಗಳು ಒಂದು ಮಟ್ಟ ದಾಟಿದರೆ ಟ್ಯಾಬಿನ ಪರದೆ ಕೆಂಪಾಗುತ್ತದೆ. ಕೆಂಪಾದ ಮನೆಗೆ ಮೂರು ದಿನದೊಳಗೆ ಕೋಲಾರದಿಂದ ಆಪ್ತಸಮಾಲೋಚಕರು ಬರುತ್ತಾರೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡುತ್ತಾರೆ, ಫೋನಿಗೆ ಬೀಗ ಹಾಕುವ ದಾರಿ ತೋರಿಸುತ್ತಾರೆ. ತರಬೇತಿಯ ದಿನ ಆ ಕೆಂಪನ್ನು ಒಮ್ಮೆ ತೋರಿಸಿದ್ದರು. ನೋಡಿದ ಕೂಡಲೇ ಬಾಯಾರಿದವನಿಗೆ ನೀರು ಕಂಡಂತಾಗಿತ್ತು. ತಾನಾಗಿ ಬಿಡಲು ತನ್ನಿಂದಾಗದು, ಅದರಲ್ಲಿ ಅನುಮಾನವೇ ಇರಲಿಲ್ಲ. ಎಷ್ಟು ಸಲ ಬಿಟ್ಟಿರಲಿಲ್ಲ! ಹೋದ ವರ್ಷ ಕಾನೂನು ಬಂದು, ಹಣ ಕಟ್ಟಿ ಆಡುವ ಆಪ್‌ಗಳೆಲ್ಲ ಬಾಗಿಲು ಹಾಕಿದ ದಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಿದ್ದ, ಯಾರೋ ಕೊನೆಗೂ ತನ್ನ ಕೈ ಹಿಡಿದರು ಎಂಬ ಸಮಾಧಾನದಲ್ಲಿ. ಹನ್ನೊಂದು ದಿನ ಹಸಿವಾಯಿತು, ನಿದ್ದೆ ಬಂತು, ವಾಣಿಶ್ರೀ ಹೇಳಿದ ಮಾತು ಕಿವಿಗೆ ಬಿತ್ತು. ಹನ್ನೆರಡನೆಯ ದಿನ ಗೊತ್ತಿಲ್ಲದ ನಂಬರಿನಿಂದ ಒಂದು ಲಿಂಕ್ ಬಂತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಆಪಿನವರು ರಂಗೋಲಿ ಕೆಳಗೆ ತೂರಿದ್ದರು. ಒತ್ತಿದ. ರಮ್ಮಿಯ ಹಸಿರು ಮೇಜು ತೆರೆದುಕೊಂಡು, ಹದಿಮೂರು ಇಸ್ಪೀಟ್ ಎಲೆಗಳು ಒಂದರ ಹಿಂದೊಂದು ಬಂದು ಕೂತವು.

ನಂಗಲಿಯಲ್ಲಿ ಮೊದಲ ಮನೆ ಅಮೀನಾ ಬೀ ಅವರದು. ಹೆದ್ದಾರಿಗೆ ಮುಖ ಮಾಡಿ ಲಾರಿ ಸೀಟುಗಳಿಗೆ ಹೊದಿಕೆ ಹೊಲಿಯುವ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ವೇಣುಗೋಪಾಲ ಕನ್ನಡಕ ಒರೆಸಿಕೊಂಡು ಓದಿದ: "ಕಳೆದ ಹನ್ನೆರಡು ತಿಂಗಳಲ್ಲಿ ನೀವಾಗಲಿ ನಿಮ್ಮ ಮನೆಯವರಾಗಲಿ ಜೂಜಾಡಿದ್ದುಂಟೆ?" ಮುದುಕಿ ಎರಡೂ ಕೆನ್ನೆ ಮುಟ್ಟಿಕೊಂಡರು. "ತೋಬಾ ತೋಬಾ! ಜೂವಾ? ನಮ್ಮ ಮನೇಲಾ? ಯಾರಪ್ಪಾ ಹೇಳಿದ್ದು ನಿಮಗೆ? ನಮ್ಮ ಯಜಮಾನ್ರು ಬದುಕಿರೋತನಕ ಒಂದು ಲಾಟ್ರಿ ಟಿಕೆಟ್ ಮುಟ್ಟಿದವರಲ್ಲ." ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅವರ ಮಗ ಫಯಾಜ್, ಮೂವತ್ತೈದರ ಗಂಡಸು, ತಲೆ ಎತ್ತಲಿಲ್ಲ. ತೊಡೆಯ ಮೇಲಿನ ಫೋನಿನಲ್ಲಿ ಒಂದು ಪುಟ್ಟ ಕೆಂಪು ವಿಮಾನ ಮೇಲೇರುತ್ತಿತ್ತು. ಅದು ಮಾಯವಾಗುವ ಮೊದಲು ಬೆರಳೊತ್ತಬೇಕು, ಇಲ್ಲದಿದ್ದರೆ ಕಟ್ಟಿದ್ದು ಹೋಯಿತು. ವೇಣುಗೋಪಾಲನಿಗೆ ಆ ವಿಮಾನದ ಗುರುತು ಚೆನ್ನಾಗಿಯೇ ಇತ್ತು. "ಅದೇನಪ್ಪಾ ಅದು?" ಎಂದ. "ಇದಾ? ಗೇಮ್ ಸಾರ್. ಸುಮ್ನೆ ಟೈಮ್‌ಪಾಸ್" ಎಂದು ಫಯಾಜ್ ಒಂದು ಕ್ಷಣ ಕಣ್ಣೆತ್ತಿ ನೋಡಿದ. ನೋಡಿದವನಿಗೂ ನೋಡಿಸಿಕೊಂಡವನಿಗೂ ಎಲ್ಲ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ವೇಣುಗೋಪಾಲ ಜೇಬು ಮುಟ್ಟಿಕೊಂಡ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎಂದು ನಿಯಮ. ಒಂಬತ್ತು ಪ್ರಶ್ನೆಗೂ ಸೊನ್ನೆ ಬಿತ್ತು, ಪರದೆ ಹಸಿರಾಯಿತು. ಅಮೀನಾ ಬೀ ಸಮಾಧಾನವಾಗಿ ಒಂದು ಲೋಟ ಚಹಾ ಕೊಟ್ಟರು.

ಆ ಸೊನ್ನೆಗಳೆಲ್ಲ ತನ್ನವೇ ಎಂದು ಅವನಿಗೆ ಗೊತ್ತಿತ್ತು. ಕೋಲಾರದಲ್ಲಿ ತರಬೇತಿ ನಡೆದಾಗ ಸೂಪರ್‌ವೈಸರ್ ಅಮರನಾಥ್ ಇಂಗ್ಲಿಷಿನ ಪ್ರಶ್ನೆಗಳನ್ನು ಹಿಡಿದುಕೊಂಡು, "ನಿಮ್ಮ ಕಡೆ ಇದಕ್ಕೆ ಏನಂತಾರೆ? ಜೂಜು ಅಂದ್ರೆ ಸಾಕಲ್ವಾ? ವೇಣುಗೋಪಾಲ್, ನಿಮಗೆ ತೆಲುಗು, ಉರ್ದು ಎಲ್ಲ ಬರುತ್ತಲ್ಲ, ನೀವು ಹೇಳಿ" ಎಂದು ಅವನನ್ನೇ ಕೇಳಿದ್ದರು. ಇಡೀ ಹಾಲ್ ಅವನ ಕಡೆ ತಿರುಗಿತ್ತು. ಸಾಲದು ಎಂದು ಅವನಿಗೆ ಗೊತ್ತಿತ್ತು. ಈ ಕಡೆ ಜೂಜು ಅಂದರೆ ಬೇರೆಯವರು ಮಾಡುವುದು. ಪೊಲೀಸರು ಹಿಡಿಯುವುದು, ಪೇಪರಿನಲ್ಲಿ ಬರುವುದು. ತಾನು ಮಾಡಿದರೆ ಅದು ಆಟ. ಕಾರ್ಡು ಹಾಕುವುದು, ಟೀಮ್ ಕಟ್ಟುವುದು, ಟೈಮ್‌ಪಾಸ್. ಜೂಜು ಅಂತ ಕೇಳಿದರೆ ಮುಳಬಾಗಿಲಿನಿಂದ ಮಾಸ್ತಿಯವರೆಗೆ ಒಬ್ಬನೂ ಹೌದು ಅನ್ನುವುದಿಲ್ಲ ಎಂದು ಹೇಳಬೇಕಿತ್ತು. "ಸಾಕು ಸಾರ್, ಜೂಜು ಅಂದ್ರೆ ಎಲ್ರಿಗೂ ತಿಳಿಯುತ್ತೆ" ಎಂದ. ಯಾಕೆ ಹಾಗಂದೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿಕೊಂಡಿದ್ದ. ಆ ಮಾತಿನ ಕೆಳಗೆ ತಾನು ಬೆಚ್ಚಗೆ ಅಡಗಿಕೊಳ್ಳಬಹುದಿತ್ತು, ಅದಕ್ಕೇ. ಈಗ ಅಮರನಾಥ್ ದಿನಾ ಫೋನ್ ಮಾಡಿ, "ಏನ್ರೀ ಇದು, ಬರೀ ಸೊನ್ನೆ? ನಿಮ್ಮ ತಾಲ್ಲೂಕಲ್ಲಿ ಎಲ್ಲ ಋಷಿಗಳೇನ್ರೀ?" ಎಂದು ರೇಗುತ್ತಿದ್ದರು. ಇದುವರೆಗೆ ಹೌದು ಅಂದವನು ಒಬ್ಬನೇ, ಬೈರಕೂರಿನ ಕಡೆಯ ಒಬ್ಬ ರೈತ. "ಜೂಜಾ? ಟೊಮ್ಯಾಟೊ ಹಾಕಿದೀನಲ್ಲ ಸಾಮಿ, ಅದಕ್ಕಿಂತ ದೊಡ್ಡ ಜೂಜು ಇನ್ನೇನೈತೆ? ಬರ್ಕೊಳ್ಳಿ" ಎಂದು ನಕ್ಕಿದ್ದ. ಅದನ್ನು ಬರೆದುಕೊಳ್ಳಲು ಟ್ಯಾಬಿನಲ್ಲಿ ಜಾಗವಿರಲಿಲ್ಲ.

ನಾಲ್ಕನೆಯ ಮನೆ ಮುನಿಶಾಮಿಯದು. ಮನೆಯಲ್ಲಿ ಅವರಿಲ್ಲ, ಅರಳಿಕಟ್ಟೆ ಮೇಲಿದ್ದಾರೆ ಅಂದರು. ಲಾರಿ ಓಡಿಸಿ ಮುದುಕನಾದ ಮನುಷ್ಯ, ತನ್ನಂಥವೇ ಇನ್ನೂ ಮೂರು ತಲೆಗಳ ಜೊತೆ ಟವೆಲ್ ಹಾಸಿಕೊಂಡು ಇಸ್ಪೀಟಿನಲ್ಲಿ ಮುಳುಗಿದ್ದರು. ಸೋತವರು ಎಲ್ಲರಿಗೂ ಚಹಾ ಕುಡಿಸಬೇಕು, ಅಷ್ಟೇ. ವೇಣುಗೋಪಾಲ ದೂರದಲ್ಲೇ ನಿಂತ. ಹೆದ್ದಾರಿಯಲ್ಲಿ ಒಂದು ಟ್ರೇಲರ್ ಭರ್ರನೆ ಹೋಗಿದ್ದಕ್ಕೆ ಗಾಳಿ ಎದ್ದು, ಟವೆಲ್ಲಿನಿಂದ ಒಂದು ಎಲೆ ಹಾರಿ ಬಂದು ಅವನ ಚಪ್ಪಲಿಯ ಮುಂದೆ ಮುಖ ಮೇಲಾಗಿ ಬಿತ್ತು. ಇಸ್ಪೀಟ್ ರಾಣಿ. "ಎತ್ಕೊಡಪ್ಪಾ" ಎಂದರು ಮುನಿಶಾಮಿ. ಅವನು ಬಗ್ಗಲಿಲ್ಲ. "ಎಲೆ ನಿನ್ ಕಾಲತ್ರಾನೇ ಐತೆ ನೋಡು." ಅವನು ಒಂದು ಹೆಜ್ಜೆ ಹಿಂದೆ ಸರಿದ. ನಾಲ್ಕೂ ಜನ ಅವನನ್ನೇ ನೋಡಿದರು. "ಏನ್ ನಾಯನಾ, ಹಾವಾ ಅದು? ಕಚ್ತದಾ?" ಎಂದು ಒಬ್ಬರು ಕೇಳಿದರು. "ಇಲ್ಲ... ನಾನು ಎಲೆ ಮುಟ್ಟಲ್ಲ" ಎಂದ ವೇಣುಗೋಪಾಲ. ಆ ಮಾತು ಆಡಿದಾಗ ಅವನ ಜೇಬಿನಲ್ಲಿ ಫೋನು ಗುರ್ರ್ ಎಂದಿತು. ಮೇಜು ಕಾದಿದೆ, ಬನ್ನಿ ಎಂಬ ಕರೆ. ಮುನಿಶಾಮಿ ಮೊಣಕಾಲು ಹಿಡಿದುಕೊಂಡು ತಾವೇ ಎದ್ದು ಬಂದು ರಾಣಿಯನ್ನು ಎತ್ತಿಕೊಂಡರು. "ಆಣೆ ಏನಾರ ಹಾಕಿದೀಯಾ? ಹಂಗಾರೆ ಮುಟ್ಬೇಡಪ್ಪ. ಒಳ್ಳೇದು. ಮಾತು ಉಳಿಸ್ಕೊಂಡಿದೀಯಲ್ಲ, ಒಳ್ಳೇ ಮನುಷ್ಯ ನೀನು" ಎಂದು ಬೆನ್ನು ತಟ್ಟಿದರು. ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಆಣೆ ಹಾಕಿದ್ದು ಕುರುಡುಮಲೆಯಲ್ಲಿ, ನಾಲ್ಕು ವರ್ಷದ ಹಿಂದೆ. ಲಾರಿ ಶೆಡ್ಡಿನಲ್ಲಿ ಹಣ ಕಟ್ಟಿ ಇಸ್ಪೀಟ್ ಆಡುತ್ತಿದ್ದಾಗ ಪೊಲೀಸರು ಬಂದು, ಎಂಟು ಜನರನ್ನು ಠಾಣೆಯ ನೆಲದ ಮೇಲೆ ಚಪ್ಪಲಿ ಬಿಚ್ಚಿಸಿ ಕೂರಿಸಿದ್ದರು; ಬಿಡಿಸಿಕೊಂಡು ಹೋಗಲು ವಾಣಿಶ್ರೀ ಬಂದಿದ್ದಳು. ಬಾಗಿಲಲ್ಲಿ ನಿಂತು ಎಂಟು ಜೊತೆ ಚಪ್ಪಲಿಯಲ್ಲಿ ಅವನದನ್ನು ಹುಡುಕಿ, ತಿರುಗಿಸಿ, ಅವನ ಕಾಲಿಗೆ ಸರಿಯಾಗುವಂತೆ ಇಟ್ಟಿದ್ದಳು. ಅದರ ಮುಂದಿನ ಭಾನುವಾರ ಅವಳ ತಾಯಿ ಭಾರತಮ್ಮ ಶ್ರೀನಿವಾಸಪುರದಿಂದ ಬಂದರು. ಕಾಣಿಪಾಕಕ್ಕೇ ಹೋಗೋಣ, ಅಲ್ಲಿ ಸುಳ್ಳಾಣೆ ಹಾಕಿದವನನ್ನು ಸ್ವಾಮಿ ಬಿಡಲ್ಲ ಎಂಬುದು ಅವರ ಹಟ. ಅವನು ಹೆದರಿ, ಅಷ್ಟು ದೂರ ಯಾಕೆ, ಕುರುಡುಮಲೆ ಗಣಪತಿ ಏನು ಸಣ್ಣವನೇ ಎಂದ. ಸಣ್ಣವನಂತೂ ಅಲ್ಲ; ತಲೆ ಎತ್ತಿ ನೋಡುವಷ್ಟು ದೊಡ್ಡವನ ಮುಂದೆ ಅತ್ತೆ ಅವನ ಬಲಗೈ ಹಿಡಿದು ವಾಣಿಶ್ರೀಯ ತಲೆಯ ಮೇಲಿಟ್ಟರು. "ಅನ್ನು ನಾಯನಾ, ಇನ್ಮೇಲೆ ಪೇಕ ಎಲೆ ಮುಟ್ಟಲ್ಲ ಅನ್ನು." ಇನ್ನು ಮೇಲೆ ಇಸ್ಪೀಟ್ ಎಲೆ ಮುಟ್ಟಲ್ಲ ಅಂದ. ಕೈಯಡಿ ಅವಳ ಬೈತಲೆ ಬೆಚ್ಚಗಿತ್ತು. ನಿಜವಾಗಿ ಅಂದಿದ್ದ, ಕಣ್ಣಲ್ಲಿ ನೀರಿಟ್ಟುಕೊಂಡು ಅಂದಿದ್ದ. ಆರು ತಿಂಗಳ ಮೇಲೆ ಫೋನಿನಲ್ಲಿ ರಮ್ಮಿ ಕಂಡಾಗ ಮೊದಲು ಹೊಳೆದಿದ್ದೇ, ಇದರಲ್ಲಿ ಎಲೆ ಎಲ್ಲಿದೆ, ಮುಟ್ಟುವುದು ಗಾಜನ್ನಲ್ಲವೇ ಎಂದು. ಮಾತಿನಲ್ಲಿ ಕಿಂಡಿ ಹುಡುಕುವ ಬುದ್ಧಿ ಅವನಿಗೆ ಮೊದಲಿಂದಲೂ ಇತ್ತು. ಆದರೆ ಎಲೆಯನ್ನು ಮಾತ್ರ ಅವನು ಮುಟ್ಟಲೇ ಇಲ್ಲ. ಮುಟ್ಟಿದರೆ ವಾಣಿಶ್ರೀಗೆ ಏನಾದರೂ ಆದೀತು ಎಂಬ ಭಯ ಸುಳ್ಳಲ್ಲ. ಅವಳ ತಲೆ ಕಾಯುವುದಕ್ಕೆ ತಾನು ಇನ್ನೂ ಏನೋ ಒಂದು ಮಾಡುತ್ತಿದ್ದೇನೆ ಎಂಬುದು ಅವನಿಗೆ ಬೇಕಾಗಿತ್ತು.

ಆ ಭಾರತಮ್ಮನೇ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಶ್ರೀನಿವಾಸಪುರದ ಆಸ್ಪತ್ರೆಯಿಂದ ವಾಣಿಶ್ರೀ ಫೋನ್ ಮಾಡಿದಾಗ ಅವನು ಮಾಲೂರಿನಲ್ಲಿ ಬೇರೊಂದು ಸಮೀಕ್ಷೆಗೆ ಹೋಗಿ, ಒಂದು ಬೇಕರಿಯ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಒಳ್ಳೆ ಆಟವಿತ್ತು. ಅವಳ ಹೆಸರು ಎಲೆಗಳ ಮೇಲೆ ಅಡ್ಡ ಬಂತು. ಹೆಬ್ಬೆರಳು ಅದನ್ನು ಸರಿಸಿತು. ಮತ್ತೆ ಬಂತು, ಮತ್ತೆ ಸರಿಸಿತು. ಐದು ಸಲ. ಅತ್ತೆ ಅಳಿಯನನ್ನು ಕೇಳುತ್ತಿದ್ದರಂತೆ, ನಾಯನಾ ಬಂದನಾ ಎಂದು. ಆಟ ಮುಗಿಸಿ ಅವನು ವಾಪಸು ಮಾಡುವ ಹೊತ್ತಿಗೆ ಕೇಳುವವರು ಇರಲಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ, "ಸಿಗ್ನಲ್ ಇರ್ಲಿಲ್ಲ ಕಣೇ" ಎಂದ. "ಹೂಂ" ಎಂದಳು ಅವಳು. ಹೆಣದ ಕಾಲ ಬಳಿ ನಿಂತು ಆಡಿದ ಆ ಸುಳ್ಳು ಒಂಬತ್ತು ಪ್ರಶ್ನೆಗಳಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ಅವನು ಒಂದೆರಡು ಸಲ ಹುಡುಕಿದ್ದ. ಜೂಜಾಡಿದ್ದನ್ನು ಮನೆಯವರಿಂದ ಮುಚ್ಚಿಟ್ಟಿದ್ದುಂಟೆ ಎಂಬ ಆರನೆಯದು ಹತ್ತಿರ ಬರುತ್ತಿತ್ತು, ಪೂರ್ತಿ ಅಲ್ಲ.

ಮೂರೂವರೆಗೆ ಅವನು ಲಾರಿಗಳು ನಿಲ್ಲುವ ಹೋಟೆಲಿನ ಹಿಂದೆ ಹುಣಸೆ ಮರದ ಕೆಳಗೆ ಬಂದು ಕೂತ. ಮುನಿಶಾಮಿ ತಟ್ಟಿದ ಜಾಗ ಬೆನ್ನಲ್ಲಿ ಇನ್ನೂ ಉರಿಯುತ್ತಿತ್ತು. ಇಲ್ಲ, ಇವತ್ತು ಆಗಲೇಬೇಕು ಎಂದುಕೊಂಡ. ರಮ್ಯಳಿಗೆ ಫೋನ್ ಮಾಡಿ ಒಂದು ಮಾತು ಹೇಳಿದರೆ ಸಾಕಿತ್ತು: ನಮ್ಮನೇಲಿ ಜೂಜು ಅಂತ ಕೇಳಬೇಡಮ್ಮ, ಫೋನಲ್ಲಿ ಆಟ ಆಡ್ತಾರಾ ಅಂತ ಕೇಳು. ಅಷ್ಟು ಕೇಳಿದರೆ ವಾಣಿಶ್ರೀ ಒಂದು ಗಳಿಗೆ ಸುಮ್ಮನಾಗುತ್ತಾಳೆ, ಸುಮ್ಮನಾದರೆ ಆ ಹುಡುಗಿ ಇನ್ನೊಂದು ಕೇಳುತ್ತಾಳೆ, ಪರದೆ ಕೆಂಪಾಗುತ್ತದೆ. ಮೂರು ದಿನದಲ್ಲಿ ಯಾರೋ ಗೊತ್ತಿಲ್ಲದ ಮನುಷ್ಯ ಬಂದು ತನ್ನ ಕೈಯಿಂದ ಫೋನು ತೆಗೆದುಕೊಳ್ಳುತ್ತಾನೆ. ನಂಬರ್ ಒತ್ತಿದ. ಆಕೆ ಬೇರೆ ಕರೆಯಲ್ಲಿದ್ದಾರೆ ಎಂದಿತು. ಎರಡು ನಿಮಿಷ ಬಿಟ್ಟು ಮಾಡೋಣ ಎಂದುಕೊಂಡ. ಆ ಎರಡು ನಿಮಿಷವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಎಲ್ಲ ಮುಗಿಯುತ್ತಿರುವಾಗ ಕೊನೆಯದೊಂದು ಎಂದು ಬೆರಳು ತಾನೇ ಮೇಜನ್ನು ತೆರೆಯಿತು. ಎಲೆಗಳು ಬಂದವು. ಎರಡನೆಯ ಸುತ್ತಿನಲ್ಲಿ ರಮ್ಯಳ ಹೆಸರು ಎಲೆಗಳ ಮೇಲೆ ಅಡ್ಡ ಬಂತು. ಹೆಬ್ಬೆರಳು ಅದನ್ನು ಸರಿಸಿತು. ಸರಿಸಿದ ಮೇಲೆ ಅವನಿಗೆ ತಾನೇನು ಮಾಡಿದೆ ಎಂದು ಗೊತ್ತಾಯಿತು. ಗೊತ್ತಾಗಿಯೂ ಆಟದಿಂದ ಏಳಲಿಲ್ಲ. ಈ ಒಂದು ಎಲೆ ಬರಲಿ, ಮಾಡುತ್ತೇನೆ. ಮತ್ತೆ ತಲೆ ಎತ್ತಿದಾಗ ಹುಣಸೆ ಮರದ ನೆರಳು ಹೋಟೆಲಿನ ಗೋಡೆ ಹತ್ತಿತ್ತು. ನಾಲ್ಕು ಮುಕ್ಕಾಲು.

ಐದಕ್ಕೆ ರಮ್ಯಳೇ ಮಾಡಿದಳು. "ಸಾರ್, ಆಗ್ಲೇ ಕಾಲ್ ಮಾಡಿದ್ರಾ? ನಾನು ಮಾಡಿದ್ರೆ ಕಟ್ ಆಯ್ತು. ನಿಮ್ಮನೇದು ಆಯ್ತು ಸಾರ್. ಹೇಳ್ಬಾರ್ದು, ಆದ್ರೂ ಹೇಳ್ತೀನಿ, ಎಲ್ಲಾ ಸೊನ್ನೆ! ಅಕ್ಕ ಏನಂದ್ರು ಗೊತ್ತಾ? ನಮ್ಮನೆಯವರು ಎಲೇನೇ ಮುಟ್ಟಲ್ಲಮ್ಮ, ಆಣೆ ಹಾಕಿದಾರೆ ಅಂದ್ರು. ಕಾಫಿ ಸೂಪರ್." ಹಸಿರು ಎಂದುಕೊಂಡ ಅವನು. ತನ್ನ ಮನೆ ಹಸಿರು. ಸಿಕ್ಕಿಬೀಳಲಿಲ್ಲವಲ್ಲ ಎಂದು ಮೈ ಹಗುರಾಯಿತು, ಹಗುರಾದದ್ದಕ್ಕೇ ಅಳು ಬಂತು. ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಸೀಟು ಖಾಲಿಯಿದ್ದರೂ ಕೂರಬೇಕು ಅನ್ನಿಸಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ವಾಣಿಶ್ರೀ ಕೂತಿದ್ದಳು. ಅವಳ ಕೈಯಲ್ಲಿ ಹೊಸ ಇಸ್ಪೀಟ್ ಕಟ್ಟು. ಕಲೆಸಲು ಬಾರದ ಕೈಯಲ್ಲಿ ಎಲೆಗಳು ಜಾರಿ ಜಾರಿ ಬೀಳುತ್ತಿದ್ದವು, ಅವಳು ಒಂದೊಂದನ್ನೂ ಎತ್ತಿ ಮತ್ತೆ ಸೇರಿಸುತ್ತಿದ್ದಳು. "ಕಾಲು ತೊಳ್ಕೊಂಡು ಬನ್ನಿ" ಎಂದಳು. ತೊಳೆದುಕೊಂಡು ಬಂದ. "ಕೂತ್ಕೊಳ್ಳಿ." ಕೂತ.

"ರಮ್ಯ ಬಂದಿದ್ಲು. ಜೂಜಾಡ್ತಾರಾ ಅಂತ ಕೇಳಿದ್ಲು. ಎಲೆ ಮುಟ್ಟಲ್ಲ ಅಂದೆ. ಸುಳ್ಳೇನೂ ಹೇಳಿಲ್ಲ ನಾನು." ಅವಳು ಎಲೆ ಹಂಚತೊಡಗಿದಳು, ಅವನಿಗೊಂದು, ತನಗೊಂದು, ತುಟಿಯಲ್ಲೇ ಎಣಿಸುತ್ತಾ. "ಹದಿಮೂರಲ್ವಾ?"

"ನಿನಗೆ ಹೇಗೆ..."

"ನಿಮ್ಮ ಕನ್ನಡಕದಲ್ಲಿ ಕಾಣ್ಸುತ್ತೆ ಕಣ್ರೀ. ಊಟಕ್ಕೆ ಬಡಿಸ್ವಾಗ ಕಾಣ್ಸುತ್ತೆ, ನಾನು ಮಾತಾಡ್ವಾಗ ಕಾಣ್ಸುತ್ತೆ. ಎರಡು ಕಣ್ಣಲ್ಲೂ ಹದಿಮೂರು ಹದಿಮೂರು ಎಲೆ." ಅವಳ ದನಿ ಏರಲಿಲ್ಲ. "ಅಮ್ಮ ಹೋದ ದಿನ ಐದು ಸಲ ಮಾಡಿದೆ. ಎರಡು ರಿಂಗ್ ಆಗೋದು, ಕಟ್ ಆಗೋದು. ಸಿಗ್ನಲ್ ಇಲ್ದಿದ್ರೆ ರಿಂಗೇ ಆಗಲ್ಲ. ಅವತ್ತೇ ಗೊತ್ತಾಯ್ತು ನಂಗೆ."

"ಮತ್ತೆ ಆ ಹುಡುಗಿಗೆ ಯಾಕೆ ಹೇಳ್ಲಿಲ್ಲ?" ಎಂದ. ದೂರುವ ದನಿಯಲ್ಲಿ ಬಂತು ಅದು. ಬಂದಿದ್ದು ಕೇಳಿ ಅವನಿಗೇ ನಾಚಿಕೆಯಾಯಿತು.

"ಏನಂತ ಹೇಳ್ಲಿ? ಅವಳು ಕೇಳಿದ್ದು ಜೂಜು ಅಂತ. ಠಾಣೆಯಿಂದ ಕರ್ಕೊಂಡು ಬಂದ ದಿನಾನೂ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಈಗ ನಾನೇ ನಿಮಗೆ ಆ ಹೆಸರಿಡ್ಲಾ?" ಕಡೆಯ ಎಲೆ ಹಂಚಿ, ಮಿಕ್ಕ ಕಟ್ಟನ್ನು ನಡುವೆ ಇಟ್ಟು ಅವಳು ಅವನ ಮುಖ ನೋಡಿದಳು. "ಆಣೆ ಹಾಕಿದ್ದು ನನ್ನ ತಲೆ ಮೇಲೆ. ನಾನೇ ಬಿಡಿಸ್ತಿದೀನಿ. ಏನಾದ್ರೂ ಆದ್ರೆ ನನಗೇ ತಾನೆ, ಆಗ್ಲಿ ಬಿಡಿ. ಎತ್ಕೊಳ್ಳಿ. ಆಡ್ಲೇಬೇಕು ಅಂದ್ರೆ ನನ್ನೆದುರಿಗೆ ಆಡಿ, ನನ್ನ ಜೊತೆ ಆಡಿ. ಒಂದು ಸಲಾನಾದ್ರೂ ಇಲ್ಲೇ ಇರ್ತೀರಲ್ಲ."

ಅವನು ಕೈ ಚಾಚಿದ. ಎಲೆಗಳಿಗೂ ಬೆರಳಿಗೂ ನಡುವೆ ಒಂದು ಗೇಣು ಉಳಿದಲ್ಲಿ ಕೈ ನಿಂತಿತು. ಬೈತಲೆಯ ಬಿಸಿ ಅಂಗೈಗೆ ನೆನಪಾಯಿತು. ಎಲೆ ಮುಟ್ಟಿಲ್ಲ ಎಂಬುದೊಂದೇ ಅವನ ಹತ್ತಿರ ಉಳಿದಿದ್ದ ಮರ್ಯಾದೆ. ಅದನ್ನೂ ಅವಳೆದುರಿಗೆ ನೆಲಕ್ಕೆ ಹಾಕಿದರೆ ಆಮೇಲೆ ಏನಿದೆ? "ಆಗಲ್ಲ ಕಣೇ" ಎಂದ. "ಆಣೆ ಇದೆ."

ವಾಣಿಶ್ರೀ ನಕ್ಕಳೋ ಅತ್ತಳೋ, ಮೊದಲಿಗೆ ತಿಳಿಯಲಿಲ್ಲ. ಅವನ ಮುಂದಿದ್ದ ಎಲೆಗಳನ್ನು ಅವಳೇ ಒಂದೊಂದಾಗಿ ಮಗುಚಿ ಸಾಲಾಗಿ ಇಟ್ಟಳು. "ನೋಡಿ. ನಿಮಗೆ ಏನು ಬಿದ್ದಿತ್ತು ಅಂತಾನಾದ್ರೂ ನೋಡಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಎದ್ದು ಅವಳ ಪಕ್ಕಕ್ಕೆ ಹೋಗಬೇಕು, ಆ ಭುಜದ ಮೇಲೆ ಕೈಯಿಡಬೇಕು, ಅದಕ್ಕೆ ಯಾವ ಆಣೆಯೂ ಅಡ್ಡವಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮಾತ್ರ ಚಾಪೆಯ ಮೇಲಿತ್ತು. ಕಳಾವರ್ ಮೂರೂ ನಾಲ್ಕೂ ಇದ್ದವು. ಎರಡು ರಾಜ ಇದ್ದವು. ಆಟೀನ್ ಐದು, ಆರು, ಎಂಟು. ಏಳೊಂದು ಬಂದರೆ ಸಾಕು, ಮಿಕ್ಕಿದ್ದನ್ನು ಹೇಗೋ ಎಳೆದುಕೊಂಡು ಹೋಗಬಹುದು. ವಾಣಿಶ್ರೀ ಬಿಕ್ಕುತ್ತಿದ್ದಳು. ಆಟೀನ್ ಏಳು ನಡುವಿನ ಕಟ್ಟಿನಲ್ಲಿರಬಹುದೋ, ಅವಳ ಮುಂದೆ ಮುಖ ಕೆಳಗಾಗಿ ಬಿದ್ದ ಹದಿಮೂರರಲ್ಲಿರಬಹುದೋ ಎಂದು ಅವನು ನೋಡುತ್ತಾ ಕೂತಿದ್ದ.